ಉಪ್ಪು ಎಂದು ಮೊದಲು ಹೇಳಿದವರು

ಬ್ಯಾಂಕಾಕಿನ ಆ ರಾತ್ರಿಸಂತೆಯಲ್ಲಿ "ಉಪ್ಪು" ಎಂದು ಮೊದಲು ಹೇಳಿದ್ದು ಅಕ್ಕನೋ ಭಾವನೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅಕ್ಕ ತಾನೇ ಅನ್ನುತ್ತಾಳೆ, ಆದರೆ ಗಟ್ಟಿಯಾಗಿ ಅಲ್ಲ. ಭಾವ ತಾವೇ ಅನ್ನುತ್ತಾರೆ, ಗಟ್ಟಿಯಾಗಿ. ಅವರಿಬ್ಬರ ಎದುರಿಗೆ ನಿಂತಿದ್ದವನು ನಾನು. ನನ್ನ ತಲೆಯಲ್ಲಿ ಆ ಕ್ಷಣ ಎರಡು ಥರವೂ ಇದೆ: ಒಂದರಲ್ಲಿ ಅಕ್ಕನ ತುಟಿ ಮೊದಲು ಅಲುಗುತ್ತದೆ, ಇನ್ನೊಂದರಲ್ಲಿ ಭಾವನ ಮೀಸೆ. ಎರಡೂ ಒಂದೇ ಸಮ ಸ್ಪಷ್ಟವಾಗಿವೆ. ಆದ್ದರಿಂದಲೇ ಎರಡನ್ನೂ ನಂಬುವ ಹಾಗಿಲ್ಲ.

ಯಾರು ಹೇಳಿದರೆ ಏನಂತೆ ಎಂದು ಕೇಳುವವರಿಗೆ ಹಿಂದಿನದನ್ನು ಹೇಳಬೇಕು. ಎರಡು ವರ್ಷದ ಹಿಂದೆ ಅಕ್ಕನಿಗೆ ಒಂದು ಜ್ವರ ಬಂತು. ಜ್ವರ ಇಳಿಯಿತು, ಇಳಿಯುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತು. ಮೊದಲು ಕಾಫಿ ಬರೀ ಬಿಸಿನೀರಾಯಿತು. ಆಮೇಲೆ ಉಪ್ಪು, ಹುಳಿ, ಖಾರ ಯಾವುದೂ ತಿಳಿಯದ ಹಾಗಾಯಿತು. ಮೆಣಸಿನಕಾಯಿ ಕಚ್ಚಿದರೆ ಬಾಯಿ ಉರಿಯುತ್ತಿತ್ತು, ಅಷ್ಟೇ. ಮಾಗಡಿ ರಸ್ತೆಯ ಕಿವಿ-ಮೂಗಿನ ಡಾಕ್ಟರು, ವಾಪಸು ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದರು. ದಿನಾ ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆಯನ್ನು ಒಂದಾದ ಮೇಲೊಂದು ಮೂಸುವ ಅಭ್ಯಾಸ ಹೇಳಿಕೊಟ್ಟರು. ಅಕ್ಕ ಕೆಲವು ತಿಂಗಳು ಮೂಸಿ ಬಿಟ್ಟುಬಿಟ್ಟಳು. ಕಾರಣ ಕೇಳಿದೆ.

"ಲವಂಗ ಅಂತ ಗೊತ್ತಿರುತ್ತಲ್ಲೋ. ಗೊತ್ತಿದ್ಮೇಲೆ ವಾಸನೆ ಬಂದ ಹಾಗೇ ಆಗುತ್ತೆ. ಬಂದಿರಲ್ಲ."

ಈ ಮಾತು ನನ್ನನ್ನು ಹಿಡಿದುಕೊಂಡಿತು. ಬಸವೇಶ್ವರನಗರದ ತನ್ನ ಮನೆಯಲ್ಲಿ ಅಕ್ಕ ಎರಡು ವರ್ಷದಿಂದ ಉಣ್ಣುತ್ತಿದ್ದದ್ದು ಸಾರನ್ನಲ್ಲ, ಸಾರಿನ ನೆನಪನ್ನು. ನೆನಪೋ, ಕೇಳಿದ್ದಕ್ಕೆಲ್ಲ ತಲೆಯಾಡಿಸುವಂಥದ್ದು. ಮೊದಲು ಕಣ್ಣಳತೆಯಲ್ಲಿ ಉಪ್ಪು ಹಾಕುತ್ತಿದ್ದವಳು ಈಗ ಚಮಚ ಹಿಡಿದು ಅಳೆಯುತ್ತಾಳೆ, ಹಾಕಿದೆನೋ ಇಲ್ಲವೋ ಎಂದು ನಿಂತು ಯೋಚಿಸುತ್ತಾಳೆ, ಒಮ್ಮೊಮ್ಮೆ ಎರಡು ಸಲ ಹಾಕುತ್ತಾಳೆ. ಊಟಕ್ಕೆ ಬಡಿಸಿ ಭಾವನ ಮುಖವನ್ನೇ ನೋಡುತ್ತಾಳೆ. ನೋಡುವ ಅಗತ್ಯವೇನೂ ಇಲ್ಲ, ಏಕೆಂದರೆ ಭಾವ ಬಾಯಿಬಿಟ್ಟೇ ಹೇಳುತ್ತಾರೆ. ಅವರ ಜೊತೆ ಬಸ್ಸಿನಲ್ಲಿ ಹೋದರೆ ಸುಂಕದಕಟ್ಟೆ ಬರುವ ಮೊದಲೇ ಸುಂಕದಕಟ್ಟೆ ಬಂತು ಅನ್ನುವವರು. ಅಂಗಡಿ ಬೋರ್ಡುಗಳನ್ನು ಇಡೀ ಬಸ್ಸಿಗೆ ಓದಿ ಹೇಳುವವರು. ಊಟಕ್ಕೆ ಕೂತರೆ ಪಕ್ಕದವನ ತುತ್ತು ಬಾಯಿಗೆ ಹೋಗುವ ಮೊದಲೇ ಉಪ್ಪು ಕಮ್ಮಿ, ಹುಳಿ ಮುಂದು ಎಂದು ತೀರ್ಪು ಬಂದಿರುತ್ತದೆ. ಅದರಲ್ಲಿ ಕೆಡುಕೇನೂ ಇಲ್ಲ. ನಿವೃತ್ತಿಯಾದ ಮೇಷ್ಟ್ರು, ಮಕ್ಕಳಿಗೆ ಉತ್ತರ ಹೊಳೆಯುವ ಮೊದಲೇ ತಾವೇ ಹೇಳಿಬಿಡುವ ಜಾತಿಯ ಮೇಷ್ಟ್ರು.

ಗೊತ್ತಿಲ್ಲದ್ದನ್ನು ತಿನ್ನಬೇಕು ಎಂದು ಅಕ್ಕನಿಗೆ ಅನ್ನಿಸಿದ್ದು ಹೀಗೆ. ಹೆಸರು ಗೊತ್ತಿಲ್ಲದ, ನೋಡಿದರೆ ಏನೂ ನೆನಪಾಗದ ತಿಂಡಿ ಬಾಯಿಗೆ ಬಿದ್ದರೆ, ಆಗ ಏನಾದರೂ ತಿಳಿದರೆ ಅದು ನಿಜವಾಗಿ ತಿಳಿದದ್ದೇ ಆಗಿರುತ್ತದೆ ಎಂಬುದು ಅವಳ ಲೆಕ್ಕಾಚಾರ. ನನಗೂ ಸರಿಯೆನಿಸಿತು. ಎಲ್ಲಿಗಾದರೂ ಹೋಗಿಬರೋಣ ಎಂದು ಮೂವರೂ ಒಪ್ಪಿಕೊಂಡೆವು. ಹೆಂಡತಿಗಾಗಿ ಭಾವ ಓಡಾಡಿ ವಿಜಯನಗರದ ಒಂದು ಟೂರಿನವರ ಹತ್ತಿರ ಮೂರು ಸೀಟು ಹಿಡಿದು ಬಂದರು. ಸಂಭ್ರಮದಿಂದ ಹೇಳಿದರು: ಅಡುಗೆಯವರನ್ನು ಇಲ್ಲಿಂದಲೇ ಕರೆದುಕೊಂಡು ಹೋಗುತ್ತಾರಂತೆ, ಅಕ್ಕಿ ಬೇಳೆ ಸಮೇತ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು, ಹೊರಗಡೆ ಏನೂ ಮುಟ್ಟುವ ಹಾಗೇ ಇಲ್ಲ.

ಅಕ್ಕ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಹೀಗಾಗಿ ಎರಡೂವರೆ ಸಾವಿರ ಕಿಲೋಮೀಟರಿಗೆ ಹತ್ತಿರ ಹಾರಿ ಹೋಗಿ ಹೋಟೆಲಿನ ನೆಲಮಾಳಿಗೆಯಲ್ಲಿ ಹುರುಳಿಕಾಯಿ ಪಲ್ಯ ತಿಂದೆವು. ನಮ್ಮ ಗುಂಪಿನಲ್ಲಿ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಕಡೆಯ ಜನ, ಬಹುತೇಕ ನಿವೃತ್ತರು. ಅಡುಗೆಯವರು ಮೊದಲ ದಿನವೇ ಹೋಟೆಲಿನ ಹಿಂಬಾಗಿಲಿನಲ್ಲಿ ಕುಕ್ಕರಿನ ಸೀಟಿ ಹಾಕಿಸಿ ಅಲ್ಲಿನವರನ್ನು ಬೆಚ್ಚಿಬೀಳಿಸಿದರು. ಜೊತೆಗೆ ಬಂದಿದ್ದ ಟೂರ್ ಮ್ಯಾನೇಜರ್ ಹುಡುಗ ಒಳ್ಳೆಯವನು, ಆದರೆ ಅವನಿಗೆ ನಮ್ಮ ಹೊಟ್ಟೆಗಳ ಭಯ. ಯಾರೂ ಆಚೆ ತಿನ್ನಬೇಡಿ ಆಂಟಿ ಎಂದು ಬಸ್ಸು ಹತ್ತುವಾಗಲೂ ಇಳಿಯುವಾಗಲೂ ಹೇಳುತ್ತಿದ್ದ. ರಾತ್ರಿಸಂತೆ ನಮ್ಮ ಕಾರ್ಯಕ್ರಮದಲ್ಲಿ ಇತ್ತು, ಆದರೆ ನೋಡುವುದಕ್ಕೆ ಮಾತ್ರ. ಅಲ್ಲಿಗೆ ಕರೆದೊಯ್ಯುವ ಮೊದಲು, ಇನ್ನೂ ಬೆಳಕಿರುವಾಗಲೇ, ಎಲ್ಲರಿಗೂ ಹೊಟ್ಟೆ ಬಿರಿಯುವಷ್ಟು ಬಡಿಸಿದರು. ಸಂತೆಯಲ್ಲಿ ಕೈ ಚಾಚದ ಹಾಗೆ ಇದು ಮುನ್ನೆಚ್ಚರಿಕೆ. ಅಕ್ಕ ಮಜ್ಜಿಗೆಯಷ್ಟೇ ಕುಡಿದು ಎದ್ದಳು. ಹುಷಾರಿಲ್ಲವಾ ಎಂದು ನಾಲ್ಕಾರು ಜನ ಕೇಳಿದರು.

ಸಂತೆಯ ಬಗ್ಗೆ ನನಗೆ ನೆನಪಿರುವುದು ಹೊಗೆ. ಕಡ್ಡಿಗೆ ಚುಚ್ಚಿದ ಮಾಂಸದ ಹೊಗೆ, ಒಣಮೀನಿನ ಹೊಗೆ, ಸಕ್ಕರೆ ಸುಡುವ ಹೊಗೆ. ಇದರಲ್ಲಿ ಎಷ್ಟು ಅಲ್ಲಿಯದು, ಎಷ್ಟು ಆಮೇಲೆ ನೋಡಿದ ಯಾವುದೋ ವಿಡಿಯೋದ್ದು, ಗೊತ್ತಿಲ್ಲ. ಖಚಿತವಾಗಿರುವುದು ಒಂದೇ: ನಮ್ಮ ಗುಂಪಿನವರೆಲ್ಲ ಸೆರಗು, ಕರ್ಚೀಫು, ಟೋಪಿ, ಸಿಕ್ಕಿದ್ದರಲ್ಲಿ ಮೂಗು ಮುಚ್ಚಿಕೊಂಡು ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುತ್ತಿದ್ದರು. ಅಕ್ಕ ಒಬ್ಬಳೇ ಕೈ ಬೀಸಿಕೊಂಡು, ದೇವಸ್ಥಾನದ ಪ್ರಾಂಗಣದಲ್ಲಿ ನಡೆದ ಹಾಗೆ ನಡೆಯುತ್ತಿದ್ದಳು. ರಾಜಾಜಿನಗರದ ಒಬ್ಬ ಆಂಟಿ ಅವಳ ಧೈರ್ಯವನ್ನು ಮೆಚ್ಚಿಕೊಂಡರು.

ಈ ಆಂಟಿಯೇ ನಮ್ಮ ಮೊದಲ ಪ್ರಯತ್ನವನ್ನು ಹಾಳು ಮಾಡಿದ್ದು. ನಾನು ಒಂದು ಗಾಡಿಯಲ್ಲಿ ಹಸಿರು ಹಣ್ಣಿನ ಹೋಳು ಕೊಂಡೆ. ಜೊತೆಗೆ ಒಂದು ಪೊಟ್ಟಣದಲ್ಲಿ ಕೆಂಪು ಪುಡಿ. ಏನು ಹಣ್ಣು ಎಂದು ನನಗೂ ಗೊತ್ತಿರಲಿಲ್ಲ, ಅದೇ ನಮಗೆ ಬೇಕಾಗಿದ್ದದ್ದು. ಅಕ್ಕ ಕೈ ಚಾಚುವಷ್ಟರಲ್ಲಿ ಆಂಟಿ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡು, ಇದೇನ್ರೀ ಮಾವಿನಕಾಯಿ ಉಪ್ಪುಖಾರ ತಾನೇ, ನಮ್ಮ ಮಲ್ಲತ್ತಹಳ್ಳಿ ಕೆರೆ ಹತ್ತಿರ ಸಿಗೋದೇ ಎಂದರು. ಅಲ್ಲಿಗೆ ಮುಗಿಯಿತು. ಅಕ್ಕ ತಿಂದಳು, ತಲೆಯಾಡಿಸಿದಳು: ಗೊತ್ತಿಲ್ಲ, ಮಾವಿನಕಾಯಿಯೇ ಅನ್ನಿಸುತ್ತಿದೆ, ಅವರು ಹೇಳಿದರಲ್ಲ.

ಮುಂದೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲಿಟ್ಟ ಅನ್ನದ ಉಂಡೆ. ಅದರೊಳಗೆ ಏನಿದೆ ಎಂದು ತಿಳಿಯಲು ಭಾವ ಆ ಮಾರುವವಳ ಜೊತೆ ಬಹಳ ಹೊತ್ತು ಮಾತಾಡಿದರು. ನೋ ಮೀನು, ನೋ ಮೊಟ್ಟೆ ಎಂದು ಬೆರಳಾಡಿಸಿ, ಕೋಳಿಯ ಹಾಗೆ ರೆಕ್ಕೆ ಬಡಿದು, ನೋ ಎಂದರು. ಅವಳು ನಕ್ಕು, ರೆಕ್ಕೆ ಬಡಿದು, ಎಸ್ ಎಂದಳು. ಉಂಡೆ ಅಲ್ಲೇ ಉಳಿಯಿತು. ಅದರಾಚೆಯ ಗಾಡಿಯಲ್ಲಿ ಸುಟ್ಟ ಬಾಳೆಹಣ್ಣು ಸಿಕ್ಕಿತು, ಮೇಲೆ ಏನೋ ಕಂದು ಪಾಕ. ಅಕ್ಕನ ಕೈಗೆ ಕೊಟ್ಟೆ. ಆಂಟಿ ಪರ್ಸಿನಿಂದ ಸ್ಟೀಲ್ ಡಬ್ಬಿ ತೆಗೆದು, ಬರೀ ಹಾಗೇ ತಿನ್ನೋಕಾಗಲ್ಲ ತಗೊಳ್ಳಿ ಎಂದು, ಅದರ ಮೇಲೆ ಧಾರಾಳವಾಗಿ ಚಟ್ನಿಪುಡಿ ಉದುರಿಸಿದರು. ಆ ಪುಡಿ ಬಿದ್ದ ಮೇಲೆ ಪ್ರಪಂಚದ ಯಾವ ತಿಂಡಿಯೂ ಗೊತ್ತಿಲ್ಲದ ತಿಂಡಿಯಾಗಿ ಉಳಿಯುವುದಿಲ್ಲ. ನಾನು ಏನೋ ಗೊಣಗಿದೆ. ಅಕ್ಕ ನನ್ನ ತೋಳು ಹಿಡಿದು, ಹೋಗ್ಲಿ ಬಿಡೋ ಎಂದಳು. ಹೋಗಲಿ ಬಿಡು ಎನ್ನುವಾಗ ಅವಳ ದನಿ ಹೋಗಲಿ ಬಿಡು ಅನ್ನುವ ಹಾಗಿರಲಿಲ್ಲ. ಮರುದಿನ ವಾಪಸು ಹೊರಡುವುದಿತ್ತು.

ಆಗ ಭಾವನ ಕೂಗು ಕೇಳಿತು.

"ಬನ್ರೋ ಇಲ್ಲಿ! ನಮ್ಮೋರು! ಬಾವುಟ ನೋಡ್ರೋ!"

ಸಂತೆಯ ತುದಿಯಲ್ಲಿ ಒಂದು ಅಂಗಡಿಯ ಮುಂದೆ ಸಾಲುಸಾಲಾಗಿ ಹಳದಿ ಪತಾಕೆ. ಪ್ರತಿಯೊಂದರ ಮೇಲೂ ಕೆಂಪು. ಹೊಗೆಯೊಳಗಿಂದ, ದೂರದಿಂದ, ನಮ್ಮ ಆಟೋಸ್ಟ್ಯಾಂಡಿನಲ್ಲಿ ನವೆಂಬರಿನಲ್ಲಿ ಕಟ್ಟಿದ ತೋರಣವೇ. ನನ್ನ ಎದೆಯೂ ಒಂದು ಸಲ ಹಾರಿತು ಎಂದು ಬರೆಯಬೇಕಾಗಿದೆ, ಬೇಡವೆನಿಸಿದರೂ. ಗುಂಪಿಗೆ ಗುಂಪೇ ಮೂಗಿನಿಂದ ಕರ್ಚೀಫು ತೆಗೆದು ಆ ಕಡೆ ಓಡಿತು. ಭಾವ ಆಗಲೇ ಪತಾಕೆಗಳ ಕೆಳಗೆ ನಿಂತು ಮೊಬೈಲಿನಲ್ಲಿ ತಮ್ಮ ಫೋಟೋ ತೆಗೆದು, ಥಾಯ್ಲೆಂಡಿನಲ್ಲೂ ಕನ್ನಡ ಬಾವುಟ ಎಂದು ಬರೆದು ಲೇಔಟಿನ ಗ್ರೂಪಿಗೆ ಕಳಿಸಿಯಾಗಿತ್ತು. ಇನ್ನೂ ಅಕ್ಟೋಬರ್ ಅಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಅಭಿಮಾನ ಇರೋರು ಮುಂಚೆನೇ ಕಟ್ತಾರೆ ಎಂದರು. ಅಂಗಡಿಯ ಹೆಂಗಸಿಗೆ ಕೈ ಮುಗಿದು, ಯಾವ ಕಡೆಯೋರಮ್ಮ ನೀವು ಎಂದು ಕನ್ನಡದಲ್ಲೇ ಕೇಳಿದರು. ಅವಳು ಕೈ ಮುಗಿದು ತನ್ನ ಭಾಷೆಯಲ್ಲಿ ಏನೋ ಹೇಳಿದಳು.

ಹತ್ತಿರ ಹೋಗಿ ನೋಡಿದರೆ ಕೆಂಪು ಇದ್ದದ್ದು ಪಟ್ಟಿಯಲ್ಲ, ಅಕ್ಷರ. ಗಾಜಿನ ಪೆಟ್ಟಿಗೆಯೊಳಗೆ ಚರ್ಮ ಸುಲಿದ ಬಾತುಕೋಳಿಯಂಥದ್ದು, ಮೀನಿನಂಥದ್ದು, ಕೆಂಪು ಹಂದಿಮಾಂಸದಂಥದ್ದು ಸಾಲಾಗಿ ಮಲಗಿದ್ದವು. ನಮ್ಮವರು ಬಂದಷ್ಟೇ ವೇಗವಾಗಿ ಹಿಂದೆ ಸರಿದರು. ಭಾವನಿಗೆ ನಿಜವಾಗಿ ನೋವಾಗಿತ್ತು. "ಬಾವುಟ ಕಟ್ಕೊಂಡು ಬಾತುಕೋಳಿ ಮಾರ್ತಾರಲ್ಲೋ," ಎಂದರು ನನಗೆ, ನಾನೇ ಮಾರಿದ ಹಾಗೆ. ಓಡಿಬಂದ ಮ್ಯಾನೇಜರ್ ಹುಡುಗ ಸಮಾಧಾನ ಹೇಳಿದ: ಇದು ಇಲ್ಲಿನ ಚೀನಾ ಮೂಲದವರು ನಮ್ಮ ನವರಾತ್ರಿಯ ಸುಮಾರಿಗೇ ಹಿಡಿಯುವ ವ್ರತ, ಮಾಂಸ ಮೀನು ಮುಟ್ಟುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ, ಹಳದಿ ಪತಾಕೆ ಕಟ್ಟಿದ ಅಂಗಡಿಯೆಂದರೆ ಅದೇ ಗುರುತು. ಬಾತುಕೋಳಿ ಸೋಯಾದ್ದು ಸಾರ್. ಸಂತೆಯಲ್ಲೆಲ್ಲ ನೀವು ತಿನ್ನಬಹುದಾದ ಅಂಗಡಿ ಅಂದ್ರೆ ಇದೊಂದೇ.

ತಪ್ಪು ಬಾವುಟ ಸರಿಯಾದ ಕಡೆಗೆ ಕರೆತಂದಿತ್ತು. ಭಾವ ಇದನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಂಡರು. ಲೇಔಟಿನಿಂದ ಆಗಲೇ ಜೈಕಾರಗಳು ಬರತೊಡಗಿದ್ದವು, ಫೋಟೋ ಅಳಿಸುವ ಮಾತೇ ಇರಲಿಲ್ಲ. ಉಳಿದವರು ಸೋಯಾ ಬಾತುಕೋಳಿಯನ್ನು ನೋಡಿಯೇ ದಣಿದು ಬಸ್ಸಿನ ಕಡೆ ಹೊರಟರು. ಆಂಟಿಯೂ, ಡಬ್ಬಿಯೂ ಹೋದವು. ಉಳಿದದ್ದು ನಾವು ಮೂವರು.

ಅಂಗಡಿಯ ಮೂಲೆಯಲ್ಲಿ ಹಬೆಯ ಪಾತ್ರೆ. ಅದರಲ್ಲಿ ಪುಟ್ಟ ಪಿಂಗಾಣಿ ಬಟ್ಟಲುಗಳು, ಎಣ್ಣೆದೀಪದ ಹಣತೆಯಷ್ಟೇ. ಬಟ್ಟಲಿನಲ್ಲಿ ಬೆಳ್ಳಗೆ ಹೊಳೆಯುವ, ಅಲುಗಿಸಿದರೆ ನಡುಗುವ ಏನೋ. ಅಂಚಿನಲ್ಲಿ ಕೆಳಗಡೆಯ ಬೆಲ್ಲದ ಬಣ್ಣ ಕಾಣುತ್ತಿತ್ತು. ಅಕ್ಕ ಅದನ್ನೇ ತೋರಿಸಿದಳು. ನಾನು ಎರಡು ಬೆರಳು ಎತ್ತುವುದರೊಳಗೆ ಭಾವ ಹೆಸರಿಟ್ಟುಬಿಟ್ಟರು.

"ಹಾಲುಬಾಯಿ ಕಣೇ! ಕಾಯಿಹಾಲು, ಬೆಲ್ಲ. ಸಿಹಿ."

ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಮಾತ್ರ ಯಾವ ಆವೃತ್ತಿಯಲ್ಲೂ ಬದಲಾಗದೆ ಉಳಿದಿದೆ. ಹೆಸರು ಹೇಳಿಯಾಯಿತು, ರುಚಿಯೂ ಹೇಳಿಯಾಯಿತು. ಇನ್ನು ಅಕ್ಕ ತಿಂದರೂ ಒಂದೇ, ಬಿಟ್ಟರೂ ಒಂದೇ. ಅಂಗಡಿಯ ಹೆಂಗಸು ಚಪ್ಪಟೆ ಕಡ್ಡಿ ಚುಚ್ಚಿ ಅಕ್ಕ, ಭಾವ ಇಬ್ಬರಿಗೂ ಒಂದೊಂದು ಬಟ್ಟಲು ಕೊಟ್ಟಳು. ಇಬ್ಬರೂ ಮೇಲಿನ ಬಿಳಿಯದನ್ನು ಕೆರೆದು ಬಾಯಿಗಿಟ್ಟುಕೊಂಡರು.

ಉಪ್ಪು.

ಆ ತಿಂಡಿಯ ರೀತಿಯೇ ಹಾಗಂತೆ. ಕೆಳಗಿನದು ಸಿಹಿ, ಮೇಲೆ ಹೊಯ್ಯುವ ಕಾಯಿಹಾಲಿಗೆ ಉಪ್ಪು. ಆ ಕ್ಷಣದಲ್ಲಿ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಕಣ್ಣು ಸಿಹಿ ಅಂದಿತ್ತು, ನೆನಪು ಸಿಹಿ ಅಂದಿತ್ತು, ಭಾವ ಸಿಹಿ ಅಂದಿದ್ದರು. ಹಾಗಿರುವಾಗ ಅಕ್ಕ ತಾನಾಗಿ ಉಪ್ಪು ಎಂದಿದ್ದರೆ ಅದು ನಾಲಿಗೆಯ ಮಾತೇ, ಬೇರೆ ಯಾವುದರದ್ದೂ ಅಲ್ಲ. ಆದರೆ ಭಾವ ಮೊದಲು ಹೇಳಿ, ಅದನ್ನು ಕೇಳಿ ಅಕ್ಕ ಹೇಳಿದ್ದರೆ, ಅದು ಮತ್ತೆ ಲವಂಗವೇ. ಈ ಎರಡರ ನಡುವೆ ಇದ್ದದ್ದು ಅರ್ಧ ಉಸಿರು. ಆ ಅರ್ಧ ಉಸಿರಿನಲ್ಲಿ ನಾನೇನು ಮಾಡುತ್ತಿದ್ದೆ? ಫೋಟೋ ತೆಗೆಯುತ್ತಿದ್ದೆ. ಆ ಫೋಟೋ ನನ್ನ ಹತ್ತಿರ ಇದೆ. ಇಬ್ಬರ ಹುಬ್ಬುಗಳೂ ಮೇಲೇರಿವೆ, ಇಬ್ಬರ ಬಾಯಿಗಳೂ ಮುಚ್ಚಿವೆ. ಸಾಕ್ಷಿಯಾಗಿ ಅದು ಯಾವ ಕೆಲಸಕ್ಕೂ ಬಾರದು.

ಇನ್ನೊಂದು ಬಟ್ಟಲು ತೆಗೆದುಕೊಳ್ಳುವಷ್ಟರಲ್ಲಿ ಮ್ಯಾನೇಜರ್ ಬಂದು, ಬಸ್ಸಿನಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಎಂದು ಹೆಚ್ಚುಕಡಿಮೆ ಕೈಹಿಡಿದು ಎಳೆದುಕೊಂಡು ಹೋದ. ಬಸ್ಸಿನಲ್ಲಿ ಭಾವ ಎಲ್ಲರಿಗೂ ವರ್ಣಿಸಿದರು, ಹಾಲುಬಾಯಿಗೆ ಉಪ್ಪು ಸುರಿದಿದ್ದಾರ್ರೀ, ಬಾಯಿಗಿಡ್ತಿದ್ದ ಹಾಗೇ ಹೇಳ್ದೆ. ನಾನು ಬೇಕೆಂದೇ, ಅಕ್ಕ ಮೊದಲು ಹೇಳಿದ್ದಲ್ಲವಾ ಭಾವ ಎಂದೆ. ಅವರು ಆಶ್ಚರ್ಯದಿಂದ, ಅವಳಿಗೆಲ್ಲಿ ಗೊತ್ತಾಗುತ್ತೋ ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಸುಂಕದಕಟ್ಟೆ ಬಂತು ಅನ್ನುವ ಹಾಗೆಯೇ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಆಮೇಲೆ ನನಗಷ್ಟೇ ಕೇಳುವ ಹಾಗೆ ಹೇಳಿದಳು.

"ನಾನೇ ಹೇಳಿದ್ದು ಅನ್ಸುತ್ತೆ ಕಣೋ. ಆದ್ರೆ ಅನ್ಸುತ್ತೆ ಅಷ್ಟೇ."

ಬೆಂಗಳೂರಿಗೆ ಬಂದ ಮೇಲೆ ಈ ಪ್ರಸಂಗ ಮನೆಯಲ್ಲಿ ದಿನಾ ನಡೆಯಿತು. ಬಂದವರಿಗೆಲ್ಲ ಭಾವ ಹೇಳುವರು. ಹೇಳಿದಷ್ಟೂ ಅವರ "ಉಪ್ಪು" ಮುಂದಕ್ಕೆ ಬರುತ್ತಾ, ಒಂದು ದಿನ ಬಟ್ಟಲು ಕೈಗೆ ಬರುವ ಮೊದಲೇ ಅವರಿಗೆ ತಿಳಿದಿತ್ತು ಎನ್ನುವಲ್ಲಿಗೆ ಮುಟ್ಟಿತು. ಅಕ್ಕ ಮಾತ್ರ ಮತ್ತೆ ಚಮಚ ಹಿಡಿದು ಅಳೆಯುತ್ತಿದ್ದಳು. ಏನಾದರೂ ತಿಳಿಯುತ್ತಿದೆಯಾ ಎಂದು ನಾನು ಕೇಳಿದರೆ, ಗೊತ್ತಿರೋ ಅಡುಗೆ ಅಲ್ವಾ, ಹೇಗೆ ಹೇಳಲಿ ಅನ್ನುವಳು.

ಒಂದು ಭಾನುವಾರ ಫೋನು ಮಾಡಿ ಕರೆದಳು. ಮಲ್ಲತ್ತಹಳ್ಳಿಯ ನನ್ನ ಮನೆಯಿಂದ ಹೋದೆ. ಅಡುಗೆಮನೆಯಲ್ಲಿ ಅಕ್ಕಿಹಿಟ್ಟು, ಬೆಲ್ಲ, ಕಾಯಿಹಾಲು ಸಿದ್ಧವಿತ್ತು. ಚಿಕ್ಕ ಸ್ಟೀಲ್ ಬಟ್ಟಲುಗಳಲ್ಲಿ ಕೆಳಗಿನ ಸಿಹಿಯನ್ನು ಹೊಯ್ದು ಇಡ್ಲಿ ಪಾತ್ರೆಯಲ್ಲಿ ಬೇಯಿಸಿಟ್ಟಿದ್ದಳು. ಮೇಲಿನ ಕಾಯಿಹಾಲಿಗೂ ಅಕ್ಕಿಹಿಟ್ಟು ಕಲಸಿಟ್ಟಿದ್ದಳು, ಅದಕ್ಕೆ ಉಪ್ಪು ಹಾಕಿ ಹೊಯ್ದು ಬೇಯಿಸುವ ಕೆಲಸ ನನ್ನದು. ಹಾಕಿದೆನೋ ಬಿಟ್ಟೆನೋ ಬಾಯಿಬಿಡಬಾರದು. ಅವಳು ಬಚ್ಚಲಿಗೆ ಹೋಗಿ ನಿಂತಳು. ನಾನು ಜಾಣನೆಂದುಕೊಂಡು ಮೊದಲ ಸಲ ಕೆಲವು ಬಟ್ಟಲುಗಳನ್ನು ಉಪ್ಪು ಹಾಕದೆ ಬೇಯಿಸಿದೆ. ತಿಂದು ಅಕ್ಕ, ಉಪ್ಪಿಲ್ಲ ಎಂದಳು. ಸರಿಯಾಗಿಯೇ ಹೇಳಿದ್ದಳು, ಆದರೆ ಎರಡು ವರ್ಷದಿಂದ ಅವಳು ಎಲ್ಲದಕ್ಕೂ ಹೇಳುತ್ತಿರುವುದು ಅದೇ. ನನ್ನ ಜಾಣತನದಿಂದ ಏನೂ ಸಾಬೀತಾಗಲಿಲ್ಲ. ಎರಡನೆಯ ಸಲ ಉಳಿದವಕ್ಕೆ ಉಪ್ಪು ಹಾಕಿ ಬೇಯಿಸಿದೆ. ಅಕ್ಕ ಬಂದು ಚಮಚ ಎತ್ತಿದಳು. ಬಾಗಿಲಿಗೆ ಒರಗಿ ನಿಂತಿದ್ದ ಭಾವ, "ಈಗ ಹಾಕ್ದ ನೋಡೇ," ಎಂದರು.

ಅಕ್ಕ ಚಮಚ ಕೆಳಗಿಟ್ಟಳು. ಸಿಟ್ಟು ಮಾಡಲಿಲ್ಲ. ಉಪ್ಪಿದ್ದ ಬಟ್ಟಲು, ಇಲ್ಲದ ಬಟ್ಟಲು ಎಲ್ಲವನ್ನೂ ಒಂದು ತಟ್ಟೆಯಲ್ಲಿ ಸೇರಿಸಿ, ಕಣ್ಣು ಮುಚ್ಚಿಕೊಂಡು ಕೈಯಿಂದ ಹಿಂದೆಮುಂದೆ ಮಾಡಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ರೀ, ಆಚೆ ಹೋಗಿ. ನೀನೂ ಹೋಗೋ."

ಇಬ್ಬರೂ ಹೊರಗೆ ಬಂದು ಗೇಟಿನೊಳಗೆ ಸ್ಕೂಟರಿನ ಪಕ್ಕ ನಿಂತೆವು. ಎದುರುಮನೆಯವರು ಏನು ವಿಶೇಷ ಎಂದು ಕೇಳಿದರು. ಹೇಳಲು ಹೊರಟ ಭಾವನನ್ನು ನಾನು ತಡೆದೆ. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಬೆನ್ನೂ ಬಲಗೈಯೂ ಕಾಣುತ್ತಿದ್ದವು. ಒಂದು ಬಟ್ಟಲಿನಿಂದ ಒಂದು ಚಮಚ, ಬಟ್ಟಲು ಪಕ್ಕಕ್ಕೆ. ಇನ್ನೊಂದರಿಂದ ಒಂದು ಚಮಚ, ಪಕ್ಕಕ್ಕೆ. ಮುಂದಿನದರಲ್ಲಿ ಕೈ ನಿಂತಿತು. ಮತ್ತೆ ಅದೇ ಬಟ್ಟಲಿಗೇ ಹೋಯಿತು. ತಳ ಕೆರೆಯುವ ಸದ್ದು ನಮಗೆ ಕೇಳಿತು. ಈ ಎರಡು ವರ್ಷದಲ್ಲಿ ಅಕ್ಕ ಯಾವುದನ್ನೂ ಎರಡನೆಯ ಸಲ ಹಾಕಿಕೊಂಡದ್ದನ್ನು ನಾನು ನೋಡಿರಲಿಲ್ಲ. ಭಾವನೂ ನೋಡಿರಲಿಲ್ಲ.

ಒಳಗೆ ಕರೆದಾಗ ಬರಿದಾದ ಬಟ್ಟಲುಗಳು ಒಂದು ಕಡೆ, ತಳ್ಳಿಟ್ಟವು ಇನ್ನೊಂದು ಕಡೆ ಇದ್ದವು. ನಾನು ತಳ್ಳಿಟ್ಟವುಗಳ ರುಚಿ ನೋಡುತ್ತಾ ಬಂದೆ. ಉಪ್ಪಿಲ್ಲ. ಇದರಲ್ಲೂ ಇಲ್ಲ. ಕೊನೆಯದರಲ್ಲಿ ಮಾತ್ರ ಉಪ್ಪಿತ್ತು, ಚೆನ್ನಾಗಿಯೇ ಇತ್ತು. ಹಾಗಾದರೆ ಅಕ್ಕನಿಗೆ ಇದು ತಿಳಿದಿಲ್ಲ ಅಂದುಕೊಂಡೆ. ನಾನು ಇನ್ನೂ ಏನೂ ಹೇಳಿರಲಿಲ್ಲ, ಬಟ್ಟಲಿನಿಂದ ಮುಖ ಕೂಡ ಎತ್ತಿರಲಿಲ್ಲ.

"ಅದ್ರಲ್ಲಿ ಉಪ್ಪಿದೆ," ಎಂದಳು ಅಕ್ಕ. "ಸರಿಯಾಗಿ ಬೇಯಿಸಿಲ್ಲ ನೀನು. ಹಿಟ್ಟು ಹಿಟ್ಟಾಗಿದೆ, ಯಾರು ತಿಂತಾರೆ ಅದನ್ನ."

ನಾನು ಮತ್ತೆ ಒಂದು ಚಮಚ ಬಾಯಿಗಿಟ್ಟೆ. ಹೌದು, ಬೆಂದಿರಲಿಲ್ಲ. ಭಾವ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ತಿಂದು, ಅಕ್ಕನ ಮುಖ ನೋಡಿದರು.

"ನಾನೂ ಅದೇ ಹೇಳೋಣ ಅಂತಿದ್ದೆ," ಎಂದರು ಆಮೇಲೆ.